ವಿಶ್ವಾಸಿಗೆ ತಕ್ಕ ಉದ್ಯೋಗ ಯಾವುದು?



ವರುಷವರುಷವೂ ಪರೀಕ್ಷೆಯ ಫಲಿತಾಂಶಗಳು ಪ್ರಕಟವಾದ ಬಳಿಕ ನಮ್ಮ ಕೊಠಡಿಯ ಬಾಗಿಲಲ್ಲಿ ತಾಯಂದಿರೂ ಹೆಣ್ಣುಮಕ್ಕಳೂ ಬಂದು ನಿಲ್ಲುವುದುಂಟು. ಕೆಲವರು ಪ್ರಮಾಣಪತ್ರಕ್ಕಾಗಿ ಬರುತ್ತಾರೆ. ಕೆಲವರು ಸಿಹಿ ಹಂಚಲು ಬರುತ್ತಾರೆ. ಇನ್ನು ಕೆಲವರು, ವಿಶೇಷವಾಗಿ ಶಾಲೆಯನ್ನು ಬಿಟ್ಟು ಆರೇಳು ವರುಷಗಳಾದವರು, ಉಳಿದವರೆಲ್ಲರೂ ಹೊರಟುಹೋಗುವ ತನಕ ಕಾದಿದ್ದು, ಮೆಲುದನಿಯಲ್ಲಿ ಒಂದು ಪ್ರಶ್ನೆಯನ್ನು ಕೇಳುತ್ತಾರೆ: "ಟೀಚರೇ, ಇಂಥ ಕಡೆ ಕೆಲಸ ಸಿಕ್ಕಿದೆ. ಅದನ್ನು ನಾನು ಒಪ್ಪಿಕೊಳ್ಳಬಹುದೇ?"

ನಮ್ಮ ಅಜ್ಜಿಯರ ಕಾಲದಲ್ಲಿ ಈ ಪ್ರಶ್ನೆಯು ಇಷ್ಟು ತೊಡಕಾಗಿರಲಿಲ್ಲ. ಮಿಷನ್ ಶಾಲೆಯಲ್ಲಿ ಕಲಿತ ಹುಡುಗಿಗೆ ಆಗ ಮುಖ್ಯವಾಗಿ ಎರಡೇ ದಾರಿಗಳಿದ್ದವು: ಒಂದು ಉಪಾಧ್ಯಾಯಿನಿಯಾಗುವುದು, ಇನ್ನೊಂದು ದಾದಿಯಾಗುವುದು. ಎರಡೂ ಸೇವೆಯೆಂಬ ಹೆಸರನ್ನು ಹೊತ್ತವುಗಳಾದ್ದರಿಂದ ಮನಸ್ಸಾಕ್ಷಿಯನ್ನು ಕೇಳುವ ಪ್ರಸಂಗವೇ ವಿರಳವಾಗಿತ್ತು. ಈಗಲಾದರೋ ನಮ್ಮ ಹುಡುಗಿಯರು ಬ್ಯಾಂಕುಗಳಲ್ಲಿದ್ದಾರೆ, ಸರಕಾರಿ ಕಚೇರಿಗಳಲ್ಲಿದ್ದಾರೆ, ಪೊಲೀಸು ಇಲಾಖೆಯಲ್ಲಿದ್ದಾರೆ, ಕಂಪ್ಯೂಟರ್ ಸಂಸ್ಥೆಗಳಲ್ಲಿಯೂ ಹೋಟೆಲುಗಳಲ್ಲಿಯೂ ಜಾಹೀರಾತಿನ ಕೆಲಸದಲ್ಲಿಯೂ ಇದ್ದಾರೆ. ದಾರಿಗಳು ಹೆಚ್ಚಿದಂತೆ ದಾರಿಯ ಚಿಂತೆಯೂ ಹೆಚ್ಚಿತು.

ಬಹುಕಾಲ ನಮ್ಮ ಬಳಿ ಇದಕ್ಕೆ ಸಿದ್ಧವಾದ ಉತ್ತರವಿತ್ತು. ಮನಸ್ಸಿನಲ್ಲಿ ಒಂದು ಪಟ್ಟಿಯನ್ನಿಟ್ಟುಕೊಂಡಿದ್ದೆವು. ಇಂಥವು ಸಲ್ಲತಕ್ಕವು, ಇಂಥವು ಸಲ್ಲದವು ಎಂದು ಅದರಲ್ಲಿ ಎರಡು ಸಾಲುಗಳಿದ್ದವು. ಆ ಪಟ್ಟಿಯು ಸಾಲದೆಂದು ಹೇಗೆ ಕಲಿತೆವು, ಅದಕ್ಕೆ ಪ್ರತಿಯಾಗಿ ಈಗ ಏನನ್ನು ಹೇಳುತ್ತೇವೆ ಎಂಬುದೇ ಈ ಪಾಠದ ವಿಷಯ.

ಸತ್ಯವೇದದ ಸಾಕ್ಷಿ

ಉದ್ಯೋಗಗಳ ಪಟ್ಟಿಯನ್ನು ಹುಡುಕುತ್ತಾ ಸತ್ಯವೇದವನ್ನು ತೆರೆಯುವವರಿಗೆ ನಿರಾಶೆಯಾಗುವುದು. ಅಲ್ಲಿ ಸಿಕ್ಕುವುದು ಪಟ್ಟಿಯಲ್ಲ, ದುಡಿಯುವ ಜನರು. ಫಿಲಿಪ್ಪಿ ಪಟ್ಟಣದಲ್ಲಿ ಪೌಲನ ಬೋಧನೆಯನ್ನು ಕೇಳಿ ನಂಬಿದ ಲುದ್ಯಳು ಥುವತೈರದವಳು, ಬೆಲೆಯುಳ್ಳ ಧೂಮ್ರವರ್ಣದ ವಸ್ತ್ರಗಳನ್ನು ಮಾರುವ ವ್ಯಾಪಾರಗಾರ್ತಿ. ದೀಕ್ಷಾಸ್ನಾನವಾದ ಮೇಲೆ ಅವಳು ಅಂಗಡಿಯನ್ನು ಮುಚ್ಚಿದಳೆಂದು ಲೂಕನು ಬರೆಯಲಿಲ್ಲ. ಅವಳ ಮನೆಯ ಬಾಗಿಲು ಅಪೊಸ್ತಲರಿಗೆ ತೆರೆಯಿತೆಂದು ಬರೆದನು. ಕೊರಿಂಥದಲ್ಲಿ ಪ್ರಿಸ್ಕಿಲ್ಲಳೂ ಅವಳ ಗಂಡನಾದ ಅಕ್ವಿಲನೂ ಗುಡಾರ ಮಾಡುವವರು. ಪೌಲನೂ ಅದೇ ಕಸಬಿನವನಾದ್ದರಿಂದ ಅವರೊಂದಿಗೆ ಕುಳಿತು ದುಡಿದನು. ಸುವಾರ್ತೆಯನ್ನು ಸಾರಿದ ಬಾಯಿಯೂ ಸೂಜಿಯನ್ನು ಹಿಡಿದ ಕೈಯೂ ಒಬ್ಬನವೇ ಆಗಿದ್ದವು.

ಇದಕ್ಕಿಂತಲೂ ನಮ್ಮ ಪ್ರಶ್ನೆಗೆ ಸಮೀಪವಾದದ್ದು ಯೊರ್ದನ್ ಹೊಳೆಯ ದಡದ ಪ್ರಸಂಗ. ಸ್ನಾನಿಕನಾದ ಯೋಹಾನನ ಬಳಿಗೆ ಸುಂಕದವರೂ ಸಿಪಾಯಿಗಳೂ ಬಂದು, ತಾವು ಏನು ಮಾಡಬೇಕೆಂದು ಕೇಳಿದರು. ಜನರ ದೃಷ್ಟಿಯಲ್ಲಿ ಅವೆರಡೂ ಹೊಲೆಸಾದ ಉದ್ಯೋಗಗಳೇ. ಯೋಹಾನನು ಕಠಿಣನು, ಬಿಡಿರೆಂದು ಹೇಳಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಆದರೆ ಅವನು ಸುಂಕದವರಿಗೆ, ನೇಮಕವಾದದ್ದಕ್ಕಿಂತ ಹೆಚ್ಚಾಗಿ ತೆಗೆದುಕೊಳ್ಳಬೇಡಿರೆಂದೂ, ಸಿಪಾಯಿಗಳಿಗೆ, ಯಾರನ್ನೂ ಹೆದರಿಸಿ ಸುಲುಕೊಳ್ಳದೆ ಸಂಬಳದಲ್ಲಿ ತೃಪ್ತರಾಗಿರಿರೆಂದೂ ಬುದ್ಧಿಹೇಳಿದನು. ಜಕ್ಕಾಯನೂ ಅನ್ಯಾಯವಾಗಿ ತೆಗೆದದ್ದನ್ನು ನಾಲ್ಕರಷ್ಟಾಗಿ ಹಿಂದಕ್ಕೆ ಕೊಡುವೆನೆಂದನೇ ಹೊರತು, ಕೆಲಸವನ್ನು ಬಿಟ್ಟನೆಂದು ನಾವು ಓದುವುದಿಲ್ಲ.

ಹಾಗಾದರೆ ಬಿಡಬೇಕಾದ ಕೆಲಸವೇ ಇಲ್ಲವೇ? ಇದೆ. ಎಫೆಸ ಪಟ್ಟಣದಲ್ಲಿ ಮಾಟಮಂತ್ರಗಳನ್ನು ನಡಿಸುತ್ತಿದ್ದವರು ನಂಬಿದ ಮೇಲೆ ತಮ್ಮ ಪುಸ್ತಕಗಳನ್ನು ತಂದು ಎಲ್ಲರ ಮುಂದೆ ಸುಟ್ಟುಬಿಟ್ಟರು. ಅವುಗಳ ಬೆಲೆಯನ್ನು ಲೆಕ್ಕಮಾಡಿದಾಗ 50,000 ಬೆಳ್ಳಿ ನಾಣ್ಯಗಳಾದವು. ಆದಕಾರಣ ಸತ್ಯವೇದವು ಎರಡನ್ನೂ ಕಲಿಸುತ್ತದೆ: ಕೆಲವು ಕೆಲಸಗಳನ್ನು ಬಿಡಬೇಕು, ಹೆಚ್ಚಿನವುಗಳನ್ನು ಶುದ್ಧಮಾಡಬೇಕು. ಆ ನಷ್ಟದ ಮೊತ್ತವನ್ನು ಲೂಕನು ಬರೆದಿಟ್ಟಿದ್ದಾನೆಂಬುದನ್ನು ಮರೆಯದಿರೋಣ. ಬಿಡುವುದಕ್ಕೂ ಬೆಲೆಯುಂಟು.

ಆದಿಸಭೆಯ ಪಟ್ಟಿಗಳು

ಅಪೊಸ್ತಲರ ತರುವಾಯ ಪಟ್ಟಿಗಳೂ ಹುಟ್ಟಿದವು. ಹಿಪ್ಪೊಲಿತನ ಹೆಸರಿನಲ್ಲಿ ನಮಗೆ ಬಂದಿರುವ ಪ್ರಾಚೀನ ಸಭಾಕ್ರಮದ ಗ್ರಂಥವೊಂದರಲ್ಲಿ, ಸಭೆಗೆ ಸೇರಬಯಸುವವರ ಉದ್ಯೋಗಗಳನ್ನು ಒಂದೊಂದಾಗಿ ವಿಚಾರಿಸಿದ್ದಾರೆ. ವೇಶ್ಯಾಗೃಹವನ್ನು ನಡಿಸುವವನೂ, ಜನರ ವಿನೋದಕ್ಕಾಗಿ ಕತ್ತಿ ಹಿಡಿದು ಕೊಲ್ಲುವ ಮಲ್ಲನೂ ಅದನ್ನು ಬಿಡಬೇಕು, ಇಲ್ಲವಾದರೆ ಅವರನ್ನು ಸೇರಿಸಿಕೊಳ್ಳಕೂಡದು. ಇದರಲ್ಲಿ ನಮಗೆ ಆಶ್ಚರ್ಯವಿಲ್ಲ. ಆದರೆ ಅದೇ ಪಟ್ಟಿಯಲ್ಲಿ ಮಕ್ಕಳಿಗೆ ಲೌಕಿಕ ವಿದ್ಯೆಯನ್ನು ಕಲಿಸುವ ಉಪಾಧ್ಯಾಯನೂ ಇದ್ದಾನೆ! ಕಾರ್ಥೇಜ್ ಪಟ್ಟಣದ ತೆರ್ತುಲ್ಲಿಯನೂ ಸುಮಾರು ಕ್ರಿ. ಶ. 200ರ ಕಾಲದಲ್ಲಿ ಹೀಗೆಯೇ ವಾದಿಸಿದನು. ಕ್ರೈಸ್ತ ಹುಡುಗನು ಶಾಲೆಯಲ್ಲಿ ಓದಬಹುದು, ಆದರೆ ಕ್ರೈಸ್ತನು ಅಲ್ಲಿ ಕಲಿಸಕೂಡದು. ಯಾಕಂದರೆ ಆ ಕಾಲದ ಉಪಾಧ್ಯಾಯನು ರೋಮಿನ ದೇವತೆಗಳ ಕಥೆಗಳನ್ನು ಬೋಧಿಸಿ ಅವರ ಹಬ್ಬಗಳನ್ನೂ ಆಚರಿಸಬೇಕಾಗಿತ್ತು.

ನಾವು ಇದನ್ನು ಮೊದಲು ಓದಿದಾಗ ನಕ್ಕೆವು, ಬಳಿಕ ಸುಮ್ಮನಾದೆವು. ಇಂದು ಯಾವ ತಂದೆಯೂ ಸಂದೇಹಪಡದ ನಮ್ಮ ಉದ್ಯೋಗವು ಒಂದು ಕಾಲದಲ್ಲಿ ಸಂದೇಹದ ಸಾಲಿನಲ್ಲಿತ್ತು. ಉದ್ಯೋಗದ ಹೆಸರೊಂದೇ ಸಾಕ್ಷಿಯಲ್ಲ. ಅದು ಎಲ್ಲಿ, ಯಾರಿಗಾಗಿ, ಏನನ್ನು ಮಾಡಿಸುತ್ತದೆ ಎಂಬುದನ್ನು ನೋಡಬೇಕು. ಆ ಪ್ರಾಚೀನ ಗ್ರಂಥದಲ್ಲಿ ಇನ್ನೊಂದು ಮಾತೂ ಉಂಟು. ಉಪಾಧ್ಯಾಯನು ಅದನ್ನು ಬಿಡುವುದು ಒಳ್ಳೆಯದು, ಆದರೆ ಅವನಿಗೆ ಬೇರೆ ಕಸಬು ಇಲ್ಲದಿದ್ದರೆ ಅವನಿಗೆ ಅನುಮತಿ ಇರಲಿ ಎಂಬುದೇ ಅದರ ಅಭಿಪ್ರಾಯ. ಅಷ್ಟು ಕಟ್ಟುನಿಟ್ಟಾದ ಹಿರಿಯರೂ ಹಸಿವನ್ನು ಮರೆಯಲಿಲ್ಲ. ನಾವು ಮರೆತೆವು.

ಇಬ್ಬರು ವಿದ್ಯಾರ್ಥಿನಿಯರು

ಕೆಲವು ವರುಷಗಳ ಹಿಂದೆ, ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು, ಮದ್ಯ ತಯಾರಿಸುವ ಕಾರಖಾನೆಯೊಂದರ ಲೆಕ್ಕದ ಕಚೇರಿಯಲ್ಲಿ ತನಗೆ ಕೆಲಸ ಸಿಕ್ಕಿದೆಯೆಂದು ತಿಳಿಸಿದಳು. ತಂದೆ ತೀರಿಕೊಂಡಿದ್ದನು, ಇಬ್ಬರು ತಮ್ಮಂದಿರು ಓದುತ್ತಿದ್ದರು. ನಾವು ಹೆಚ್ಚು ಯೋಚಿಸಲಿಲ್ಲ. ಕುಡಿತದಿಂದ ಕೆಟ್ಟ ಮನೆಗಳ ಮಕ್ಕಳನ್ನು ದಿನವೂ ಕಾಣುವವರಾದ ನಾವು, ಬೇಡವೆಂದೆವು; ಅವಳೊಂದಿಗೆ ಪ್ರಾರ್ಥನೆಮಾಡಿ ಕಳುಹಿಸಿದೆವು. ಇದೆಲ್ಲಕ್ಕೂ ಹಿಡಿದದ್ದು ಕಾಲು ಗಂಟೆ. ಅವಳು ವಿಧೇಯಳಾಗಿ ಆ ಕೆಲಸವನ್ನು ನಿರಾಕರಿಸಿದಳು.

ಮರುವರುಷ ಒಂದು ಪ್ರಮಾಣಪತ್ರಕ್ಕೆ ರುಜು ಹಾಕಿಸಲು ಅವಳು ಬಂದಾಗ ಉಳಿದ ಸಂಗತಿ ನಮಗೆ ತಿಳಿಯಿತು. ಹನ್ನೊಂದು ತಿಂಗಳು ಅವಳಿಗೆ ಬೇರೆ ಕೆಲಸ ಸಿಕ್ಕಿರಲಿಲ್ಲ. ತಾಯಿಯ ಬಳೆಗಳು ಅಡವಿಗೆ ಹೋಗಿದ್ದವು. ದೊಡ್ಡ ತಮ್ಮನು ಓದನ್ನು ಬಿಟ್ಟು ವಾಹನ ದುರಸ್ತಿಯ ಅಂಗಡಿಗೆ ಸೇರಿದ್ದನು. ಅವಳು ದೂರು ಹೇಳಲಿಲ್ಲ. ನಾವೇ ಒತ್ತಿ ಕೇಳಿದ ಮೇಲೆ ಇಷ್ಟು ಮಾತ್ರ ಅಂದಳು: "ಬೇಡವೆಂದಿರಿ, ಬಿಟ್ಟೆ. ಮುಂದೇನೆಂದು ನಾನು ಕೇಳಲಿಲ್ಲ, ನೀವೂ ಹೇಳಲಿಲ್ಲ."

ನಾವು ಕೊಟ್ಟ ಬುದ್ಧಿಯು ತಪ್ಪೆಂದು ಈಗಲೂ ನಮಗೆ ತೋರುವುದಿಲ್ಲ. ಆದರೆ ತಿಂಗಳಿಗೊಮ್ಮೆ ತಪ್ಪದೆ ಸಂಬಳ ಪಡೆಯುವವರಾಗಿ ಕುರ್ಚಿಯ ಮೇಲೆ ಕುಳಿತು ನಾವು ಹೇಳಿದ ಮಾತಿಗೆ, ಬೆಲೆ ತೆತ್ತವರು ಅವಳೂ ಅವಳ ತಮ್ಮನೂ.

ಇನ್ನೊಬ್ಬಳ ಸಂಗತಿ ಇದಕ್ಕೆ ವಿರುದ್ಧವಾದದ್ದು. ಅದೇ ವರುಷ ಅವಳಿಗೆ ಬಡವರಿಗೆ ಸಣ್ಣ ಸಾಲಗಳನ್ನು ಕೊಡುವ ಸಂಸ್ಥೆಯೊಂದರಲ್ಲಿ ಕೆಲಸವಾಯಿತು. ಬಡ ಹೆಂಗಸರಿಗೆ ನೆರವಾಗುವ ಕೆಲಸವೆಂದು ಸಂತೋಷಪಟ್ಟು ಬೆಳಗಿನ ಪ್ರಾರ್ಥನಾಕೂಟದಲ್ಲಿ ಅವಳ ಹೆಸರನ್ನು ಓದಿಸಿದೆವು. ಎರಡು ವರುಷಗಳ ನಂತರ ಅವಳು ಬಂದು ನಮ್ಮೆದುರು ಅತ್ತಳು. ಕಂತು ಕಟ್ಟಲಾರದವಳ ಹೊಸ್ತಿಲಲ್ಲಿ ಕತ್ತಲಾಗುವ ತನಕ ಕುಳಿತಿರುವುದೂ, ಅದೇ ಗುಂಪಿನ ಇತರ ಹೆಂಗಸರನ್ನು ಕರೆದು ಅವಳನ್ನು ನಾಚಿಸುವುದೂ ಅವಳ ಕೆಲಸವಾಗಿತ್ತು. ಒಂದು ಸಂಜೆ ಹಾಗೆ ಕುಳಿತಿದ್ದಾಗ, ನಮ್ಮ ಶಾಲೆಯ ಸಮವಸ್ತ್ರವನ್ನು ತೊಟ್ಟ ಹುಡುಗಿಯೊಬ್ಬಳು ಬಾಗಿಲ ಸಂದಿನಿಂದ ತನ್ನನ್ನೇ ನೋಡುತ್ತಿರುವುದನ್ನು ಕಂಡಳು. ಸಾಲ ಕೊಡುವ ಸಂಸ್ಥೆಗಳೆಲ್ಲವೂ ಹೀಗೆಯೇ ಎಂದು ನಾವು ಹೇಳುವುದಿಲ್ಲ. ಅನೇಕ ಮನೆಗಳು ಅಂಥ ಸಾಲದಿಂದ ಚೇತರಿಸಿಕೊಂಡದ್ದೂ ಉಂಟು. ಆದರೆ ನಮ್ಮ ಪಟ್ಟಿಯಲ್ಲಿ ಒಳ್ಳೆಯ ಸಾಲಿನಲ್ಲಿದ್ದ ಉದ್ಯೋಗವು ಆ ಹುಡುಗಿಯಿಂದ ಒಳ್ಳೆಯದನ್ನು ಮಾಡಿಸಲಿಲ್ಲ. ನಾವು ಹೆಸರನ್ನು ನೋಡಿ ಹರಸಿದ್ದೆವು.

ಅವಳಿಗೆ ಆ ದಿನ ನಾವು ಅಮೇರಿಕ ದೇಶದ ಒಬ್ಬ ದರ್ಜಿಯ ವೃತ್ತಾಂತವನ್ನು ಹೇಳಿದೆವು. ಜಾನ್ ವುಲ್ಮನ್ ಎಂಬಾತನು 1720ರಲ್ಲಿ ನ್ಯೂ ಜೆರ್ಸಿಯಲ್ಲಿ ಹುಟ್ಟಿದವನು, ಕ್ವೇಕರ್ ಪಂಗಡದ ಕ್ರೈಸ್ತನು. ಯೌವನದಲ್ಲಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದಾಗ ಯಜಮಾನನು ತನ್ನ ದಾಸಿಯಾಗಿದ್ದ ನೀಗ್ರೋ ಹೆಂಗಸೊಬ್ಬಳ ಮಾರಾಟದ ಪತ್ರವನ್ನು ಬರೆಯೆಂದು ಅಪ್ಪಣೆಕೊಟ್ಟನು. ವುಲ್ಮನ್ ತಳಮಳಗೊಂಡನು, ಆದರೂ ಬರೆದನು. ಬರೆದು, ಮನುಷ್ಯರನ್ನು ದಾಸರಾಗಿ ಇಟ್ಟುಕೊಳ್ಳುವುದು ಕ್ರೈಸ್ತ ಮತಕ್ಕೆ ಹೊಂದುವುದಿಲ್ಲವೆಂದು ಯಜಮಾನನಿಗೂ ಕೊಂಡವನಿಗೂ ಮುಖಾಮುಖಿಯಾಗಿ ಹೇಳಿದನು. ಮುಂದೆ ಇನ್ನೊಬ್ಬನು ಅಂಥದೇ ಪತ್ರವನ್ನು ಬರೆಯಲು ಕೇಳಿದಾಗ ಆಗದೆಂದನು. ಮೊದಲನೆಯ ಸಲ ಸೋತವನು ಎರಡನೆಯ ಸಲ ನಿಂತನು. 1772ರಲ್ಲಿ ತೀರಿಕೊಳ್ಳುವ ತನಕ ದಾಸ್ಯದ ವಿರುದ್ಧ ಊರೂರು ತಿರುಗಿ ಮಾತಾಡಿದನು. ಅಂಗಡಿಯು ಅಪ್ರಾಮಾಣಿಕವಾಗಿರಲಿಲ್ಲ, ಗುಮಾಸ್ತನ ಕೆಲಸವು ಕೀಳಾಗಿರಲಿಲ್ಲ. ಪಾಪವು ಒಂದು ಕಾಗದದ ರೂಪದಲ್ಲಿ ಮೇಜಿನ ಮೇಲೆ ಬಂದಿತ್ತು.

ನಮ್ಮ ಹುಡುಗಿಯು ಹಿಂದಿರುಗಿ, ಕತ್ತಲಾದ ಮೇಲೆ ಯಾರ ಹೊಸ್ತಿಲಲ್ಲಿಯೂ ಕೂರುವುದಿಲ್ಲವೆಂದು ಮೇಲಿನವರಿಗೆ ತಿಳಿಸಿದಳು. ಅವಳನ್ನು ದೂರದ ಊರಿಗೆ ವರ್ಗಮಾಡಿದರು. ಕೆಲಕಾಲದ ಮೇಲೆ ಕಡಿಮೆ ಸಂಬಳದ ಬೇರೊಂದು ಕೆಲಸವನ್ನು ಹಿಡಿದಳು.

ಮಂಗಳೂರು ಕಲಿಸುವ ಪಾಠ

ಬೇಡವೆಂದು ಹೇಳಿದ ಮೇಲೆ ಮುಂದೇನು? ಮೊದಲನೆಯ ಹುಡುಗಿಯ ಈ ಮಾತಿಗೆ ಉತ್ತರವನ್ನು ನಾವು ನಮ್ಮ ನಾಡಿನ ಸಭೆಯ ಚರಿತ್ರೆಯಲ್ಲಿಯೇ ಕಂಡೆವು. ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಕರಾವಳಿಯಲ್ಲಿ ಅವರ ಬೋಧನೆಯನ್ನು ಕೇಳಿ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹುಮಂದಿ. ಮರವನ್ನೇರಿ ಕಳ್ಳಿಳಿಸುವ ಮೂರ್ತೆಯು ಆ ಶ್ರಮಜೀವಿಗಳ ವಂಶಪಾರಂಪರ್ಯವಾದ ಕಸುಬುಗಳಲ್ಲಿ ಒಂದಾಗಿತ್ತು. ಕ್ರೈಸ್ತರಾದವರು ಈ ಕಸುಬನ್ನು ಬಿಡಬೇಕೆಂಬುದು ಮಿಷನಿನವರ ಅಪೇಕ್ಷೆ. ಬಿಟ್ಟವರಿಗೆ ಹಳೆಯ ಕುಟುಂಬದ ಆಸರೆಯೂ ಅನೇಕ ವೇಳೆ ತಪ್ಪಿಹೋಗಿತ್ತು. ಮರದಿಂದ ಇಳಿದವನು ನೆಲದ ಮೇಲೆ ಏನು ಮಾಡಬೇಕು?

ಈ ಪ್ರಶ್ನೆಯನ್ನು ಮಿಷನಿನವರು ಬರಿಯ ಪ್ರಸಂಗದಿಂದ ತೀರಿಸಲಿಲ್ಲ. ವ್ಯವಸಾಯವನ್ನು ಪರೀಕ್ಷಿಸಿದರು, ಅದು ನೆಚ್ಚಿದಂತೆ ಕೈಗೂಡಲಿಲ್ಲ. 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟವು ಆರಂಭವಾಯಿತು. ಮಗ್ಗಗಳನ್ನು ಹೂಡಿದರು; ಅಲ್ಲಿಯ ನೇಯ್ಗೆಶಾಲೆಯ ಹಾಲರ್ ಎಂಬವರ ಹೆಸರನ್ನು ಖಾಕಿ ಬಣ್ಣದ ಬಟ್ಟೆಯೊಂದಿಗೆ ಸೇರಿಸಿ ಹೇಳುವುದುಂಟು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರಖಾನೆಯನ್ನು ಸ್ಥಾಪಿಸಿದರು. ಹೊಳೆಯ ಬದಿಯ ಜೇಡಿಮಣ್ಣನ್ನು ತುಳಿದು, ಅಚ್ಚಿಗೆ ಹಾಕಿ, ಸುಟ್ಟು ತೆಗೆದ ಮಂಗಳೂರು ಹೆಂಚು ದೇಶದೇಶಗಳ ಮನೆಗಳನ್ನು ಮುಚ್ಚಿತು. ಆ ಕಾರಖಾನೆಗಳಲ್ಲಿ ಗಂಡಸರಷ್ಟೇ ಅಲ್ಲದೆ ಹೆಂಗಸರೂ ದುಡಿದು ಕೂಲಿ ಪಡೆದರು. ಇದರಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಬೋಧಿಸುವವನೇ ಧಣಿಯೂ ಆದಾಗ ವಿಶ್ವಾಸವೂ ಕೂಲಿಯೂ ಕಲೆಸಿಹೋಗುವ ಅಪಾಯವಿದೆಯೆಂದೂ, ಜನರು ಮಿಷನನ್ನೇ ನೆಚ್ಚಿ ಕುಳಿತರೆಂದೂ ಆಕ್ಷೇಪಣೆಗಳು ಬಂದವು. ಅವು ಕೇವಲ ಸುಳ್ಳಲ್ಲ. ಆದರೂ ಮುಖ್ಯವಾದ ಒಂದು ಸಂಗತಿಯನ್ನು ಅವರು ತಿಳಿದಿದ್ದರು. ಒಬ್ಬನಿಗೆ ಮರದಿಂದ ಇಳಿಯೆಂದು ಹೇಳುವವನು ಏಣಿಯನ್ನು ಹಿಡಿಯಬೇಕು. ಇಳಿದ ಮೇಲೆ ಮಗ್ಗವನ್ನೂ ತೋರಿಸಬೇಕು.

ಉದ್ಯೋಗವನ್ನು ಪರೀಕ್ಷಿಸುವ ಬಗೆ

ಈಗ ನಮ್ಮ ಬಳಿಗೆ ಬರುವವರಿಗೆ ನಾವು ಪಟ್ಟಿಯನ್ನು ಓದುವುದಿಲ್ಲ. ನಾಲ್ಕು ಪ್ರಶ್ನೆಗಳನ್ನು ಮುಂದಿಡುತ್ತೇವೆ.

ಮೊದಲನೆಯದು: ಈ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ನೆರೆಯವನಿಗೆ ಹಿತವೋ, ಕೇಡೋ? ಒಳ್ಳೆಯ ದಾದಿಯಿಂದ ರೋಗಿಗೆ ಹಿತ, ಒಳ್ಳೆಯ ಲೆಕ್ಕಗಾರ್ತಿಯಿಂದ ಗಿರಾಕಿಗೆ ಹಿತ. ಜೂಜಿನ ಕಟ್ಟೆಯಲ್ಲಿ ಜಾಣತನದಿಂದ ದುಡಿದಷ್ಟೂ ಇನ್ನೊಬ್ಬರ ಮನೆಯ ಒಲೆ ಆರುತ್ತದೆ.

ಎರಡನೆಯದು: ಈ ಕೆಲಸವನ್ನು ಉಳಿಸಿಕೊಳ್ಳುವುದಕ್ಕೆ ನಾವು ಸುಳ್ಳನ್ನು ಬರೆಯಬೇಕೇ, ಆಡಬೇಕೇ? ಎಂದೋ ಒಂದು ದಿನ ಒತ್ತಾಯ ಬಂದೀತೆಂಬ ಭಯದಿಂದ ಯಾವ ಕೆಲಸವನ್ನೂ ಬಿಡಬೇಕಾಗಿಲ್ಲ. ಹಾಗೆ ನೋಡಿದರೆ ಉಪಾಧ್ಯಾಯಿನಿಗೂ ಅಂಕಗಳನ್ನು ತಿದ್ದೆಂಬ ಒತ್ತಾಯ ಬರುವುದುಂಟು. ಆದರೆ ಸುಳ್ಳೇ ದಿನನಿತ್ಯದ ಸಾಮಗ್ರಿಯಾಗಿದ್ದರೆ ಅದು ವಿಶ್ವಾಸಿಗೆ ಸಲ್ಲದು.

ಮೂರನೆಯದು: ಬರುವ ಲಾಭಕ್ಕೆ ಅಳತೆಯುಂಟೇ? ಯೋಹಾನನು ಸುಂಕದವರಿಗೆ ಕೇಳಿದ್ದು ಇದನ್ನೇ. ನಮ್ಮ ಕನ್ನಡನಾಡಿನ ಮಕ್ಕಳಿಗೆ ಇದನ್ನು ಕಲಿಸಲು ದೂರ ಹೋಗಬೇಕಾಗಿಲ್ಲ. ಶಿವಶರಣೆಯಾದ ಆಯ್ದಕ್ಕಿ ಲಕ್ಕಮ್ಮನು, ಗಂಡನಾದ ಮಾರಯ್ಯನು ದಿನದ ಅವಶ್ಯಕತೆಗಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದುಬರುವಂತೆ ಕಳುಹಿಸಿದಳೆಂಬ ಕಥೆಯನ್ನು ನಮ್ಮ ಪೋಷಕರಲ್ಲಿ ಬಹುಮಂದಿ ಬಲ್ಲರು. ಗಂಡನ ಗಳಿಕೆಯು ಎಲ್ಲಿಂದ ಬಂತೆಂದು ಕೇಳುವ ಹೆಂಡತಿಯೂ, ಮಗಳ ಸಂಬಳವು ಯಾತಕ್ಕಾಗಿ ಬಂತೆಂದು ಕೇಳುವ ತಾಯಿಯೂ ಇರುವ ಮನೆಯು ಧನ್ಯವಾದದ್ದು.

ನಾಲ್ಕನೆಯದು: ಇವತ್ತು ಏನು ಮಾಡಿದೆನೆಂದು ರಾತ್ರಿ ಊಟದ ಸಮಯದಲ್ಲಿ ತಾಯಿಗೂ, ಮುಂದೆ ಮಕ್ಕಳಿಗೂ, ಮರೆಮಾಡದೆ ಹೇಳಬಹುದೇ? ಹೇಳಬಹುದಾದರೆ ಆ ಕೆಲಸವು ದೊಡ್ಡದೋ ಚಿಕ್ಕದೋ ಎಂಬ ಚಿಂತೆ ಬೇಡ. ಮಾರ್ಟಿನ್ ಲೂಥರನು 16ನೆಯ ಶತಮಾನದಲ್ಲಿ, ಮನೆಗೆಲಸದವಳು ವಿಶ್ವಾಸದಿಂದ ಮಾಡುವ ಕೆಲಸವು ಸಂನ್ಯಾಸಿಯ ವ್ರತಗಳಿಗಿಂತ ಕಡಿಮೆಯಲ್ಲವೆಂದು ಬೋಧಿಸಿದನು. ಹೊಲಿಗೆಯ ಅಂಗಡಿಯನ್ನಿಟ್ಟಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಶಾಲೆಯ ಉತ್ಸವಕ್ಕೆ ಬಂದಾಗ ಹಿಂದಿನ ಸಾಲಿನಲ್ಲಿ ಕೂರುವುದನ್ನು ನಾವು ಕಂಡಿದ್ದೇವೆ. ಅವರು ಮುಂದೆ ಬರಲಿ. ಪ್ರಿಸ್ಕಿಲ್ಲಳ ಪಂಕ್ತಿಯಲ್ಲಿ ಅವರಿಗೆ ಸ್ಥಳವುಂಟು.

ಬುದ್ಧಿಹೇಳುವವರಿಗೆ ಐದನೆಯ ಪ್ರಶ್ನೆ

ಇಷ್ಟು ಕೆಲಸ ಹುಡುಕುವವರಿಗೆ. ಪೋಷಕರಿಗೂ ಸಭಾಪಾಲಕರಿಗೂ ಉಪಾಧ್ಯಾಯಿನಿಯರಿಗೂ ಐದನೆಯ ಪ್ರಶ್ನೆಯೊಂದುಂಟು: ಬೇಡವೆಂದು ಹೇಳಿದ ಮೇಲೆ ನಷ್ಟವನ್ನು ಹೊರುವವರು ಯಾರು? ಮಗಳು ಅನ್ಯಾಯದ ಕೆಲಸವನ್ನು ಬಿಟ್ಟು ಮನೆಗೆ ಬಂದಾಗ, ನೆರೆಹೊರೆಯವರು ಏನೆಂದಾರೆಂದು ತಂದೆಯು ಮುಖ ಕೆಡಿಸಿಕೊಂಡರೆ, ಅವಳ ವಿಶ್ವಾಸಕ್ಕೆ ಮೊದಲನೆಯ ಕಲ್ಲನ್ನು ಬೀರಿದವನು ಅವನೇ. ಸಭೆಯು ಒಬ್ಬಳ ತ್ಯಾಗವನ್ನು ಹೊಗಳಿ, ಅವಳ ತಮ್ಮನ ಶುಲ್ಕವನ್ನು ವಿಚಾರಿಸದೆಹೋದರೆ, ಆ ಹೊಗಳಿಕೆಯು ಊಟವಿಲ್ಲದವನಿಗೆ ಸಮಾಧಾನದಿಂದ ಹೋಗೆಂದು ಹೇಳಿದ ಹಾಗೆ.

ಆ ಹನ್ನೊಂದು ತಿಂಗಳುಗಳ ಸಂಗತಿ ತಿಳಿದಂದಿನಿಂದ ನಮ್ಮ ಮೇಜಿನ ಮೇಲೆ ಒಂದು ದಪ್ಪ ನೋಟುಪುಸ್ತಕವಿದೆ. ಅದರ ಎಡಗಡೆಯಲ್ಲಿ ಕೆಲಸವನ್ನು ಹುಡುಕುತ್ತಿರುವ ಹುಡುಗಿಯರ ಹೆಸರುಗಳು, ಬಲಗಡೆಯಲ್ಲಿ ಹಳೆಯ ವಿದ್ಯಾರ್ಥಿನಿಯರು ತಿಳಿಸಿದ ಖಾಲಿ ಸ್ಥಳಗಳು. ಎಡಗಡೆಯು ಯಾವಾಗಲೂ ಮೊದಲು ತುಂಬುತ್ತದೆ. ಆದಕಾರಣ ಈ ಸಂಚಿಕೆಯನ್ನು ಓದುವ ನಿಮ್ಮಲ್ಲಿ ನಮ್ಮ ಬೇಡಿಕೆ ಇದು. ನಿಮ್ಮ ಕಚೇರಿಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಅಂಗಡಿಯಲ್ಲಾಗಲಿ ಪ್ರಾಮಾಣಿಕವಾದ ಒಂದು ಸ್ಥಳ ತೆರವಾದರೆ ನಮಗೆ ಒಂದು ಸಾಲು ಬರೆಯಿರಿ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇರುವವರು, ಕೆಲಸ ಹುಡುಕಿಕೊಂಡು ಬರುವ ಹುಡುಗಿಗೆ ಒಂದು ತಿಂಗಳ ಮಟ್ಟಿಗೆ ಮನೆಯಲ್ಲಿ ಒಂದು ಚಾಪೆಯ ಜಾಗ ಕೊಡಿರಿ. ಲುದ್ಯಳು ಮೊದಲು ಮಾಡಿದ್ದೂ ಇದನ್ನೇ.

ನಮ್ಮ ಮಾತನ್ನು ಕೇಳಿ ಕೆಲಸವನ್ನು ನಿರಾಕರಿಸಿದ ಆ ಹುಡುಗಿಯು ಈಗ ಒಂದು ಆಸ್ಪತ್ರೆಯ ಲೆಕ್ಕದ ಕಚೇರಿಯಲ್ಲಿದ್ದಾಳೆ. ಅವಳ ತಮ್ಮನು ಮತ್ತೆ ಶಾಲೆಗೆ ಹೋಗಲಿಲ್ಲ. ನೋಟುಪುಸ್ತಕದ ಬಲಗಡೆಯ ಮೊದಲನೆಯ ಸಾಲು ಅವಳ ಕೈಬರಹದಲ್ಲಿದೆ: ತನ್ನ ಕಚೇರಿಯಲ್ಲಿ ಒಂದು ಸ್ಥಳ ತೆರವಾಗಿದೆಯೆಂದು, ಯಾರೂ ಕೇಳದೆಯೇ, ಅವಳಾಗಿಯೇ ಬಂದು ಬರೆದಳು.

ಮನನಕ್ಕಾಗಿ

1. ಯೋಹಾನನು ಸುಂಕದವರಿಗೆ ಕೆಲಸವನ್ನು ಬಿಡಿರೆಂದು ಯಾಕೆ ಹೇಳಲಿಲ್ಲ? ಎಫೆಸದವರು ತಮ್ಮ ಪುಸ್ತಕಗಳನ್ನು ಯಾಕೆ ಸುಡಬೇಕಾಯಿತು?

2. ನಮ್ಮ ಈಗಿನ ಕೆಲಸದಲ್ಲಿ, ವುಲ್ಮನ್ನನ ಮೇಜಿನ ಮೇಲೆ ಬಂದಂತೆ, ಯಾವ ಕಾಗದವು ನಮ್ಮ ಮುಂದೆ ಬರುತ್ತದೆ?

3. ಕಳೆದ ವರುಷ ನಾವು ಯಾರಿಗೆ "ಬೇಡ" ಎಂದೆವು? ಆ ಮನೆಯಲ್ಲಿ ಈಗ ಹೇಗಿದ್ದಾರೆಂದು ಹೋಗಿ ನೋಡಿದೆವೇ?